ಅಟ್ಟದ ಹಲಗೆ ಮತ್ತು ಮುತ್ಯಾನ ಧೋತ್ರ

ಆ ದಿನ ಮನೆಯಲ್ಲಿ ಆದ ಕೆಲಸಗಳು ಇವು. ಅವ್ವ ಎಮ್ಮೆ ಹಿಂಡಿದಳು, ಒಲೆಯ ಬೂದಿ ತೆಗೆದು ಸಾರಿಸಿದಳು, ರೊಟ್ಟಿ ಬಡಿದಳು. ಅಪ್ಪನ ತಾಯಿ, ನಮ್ಮ ಆಯಿ, ಮೊಸರು ಕಡೆದು ಬೆಣ್ಣೆ ತೆಗೆದಳು, ಬೆಣ್ಣೆಯ ಹತ್ತಿರ ಸುಳಿದ ಬೆಕ್ಕಿಗೆ ಬೈದಳು. ಅಪ್ಪ ಎತ್ತಿಗೆ ನೀರು ಕುಡಿಸಿ, ಹೊಲಕ್ಕೆ ಹೋಗಿ, ಬಿಸಿಲು ಬಲಿಯುವುದರೊಳಗೆ ತಿರುಗಿ ಬಂದ. ನಾನು ಅಂಗಳಕ್ಕೆ ನೀರು ಹೊಡೆದು ರಂಗೋಲಿ ಎಳೆದೆ, ಹಿತ್ತಿಲ ಹೀರೇಕಾಯಿ ಬಳ್ಳಿಗೆ ನೀರು ಹಾಕಿದೆ, ಅಪ್ಪನ ತಂದೆಯಾದ ಮುತ್ಯಾನ ಚಂಚಿಯಲ್ಲಿ ಎಲೆ ಅಡಿಕೆ ತುಂಬಿಟ್ಟೆ. ನೀಲತ್ತೆ ಮಾತ್ರ ಒಂದೇ ಕೆಲಸ ಮಾಡಿದಳು. ಮುತ್ಯಾನ ಹೊಸ ಧೋತ್ರವನ್ನು ಒಗೆದು, ಮನಸ್ಸು ಒಪ್ಪದೆ ಇನ್ನೊಮ್ಮೆ ಒಗೆದು, ನೀಲಿ ಹಾಕಿ, ಗಂಜಿಯಲ್ಲಿ ಅದ್ದಿ, ಹಿತ್ತಿಲ ತಂತಿಯ ಮೇಲೆ ಬೇಡವೆಂದು ಹೊಸದಾಗಿ ಕಟ್ಟಿದ ಹಗ್ಗದ ಮೇಲೆ ಹರವಿ, ಕಾಗೆ ಬಂದು ಕೂಡದಂತೆ ಕೋಲು ಹಿಡಿದು ಕಾವಲು ಕೂತಳು. ಧೋತ್ರ ಒಗೆಯುವುದೇನೂ ದೊಡ್ಡ ಕೆಲಸವಲ್ಲ. ಆದರೆ ನೀಲತ್ತೆಗೆ ಈ ಮನೆಯಲ್ಲಿ ತನ್ನದೆನ್ನುವ ಒಂದು ಕೋಣೆ ಸಿಗುವುದೋ ಇಲ್ಲವೋ ಎನ್ನುವುದು ಆ ದಿನ ಆ ಧೋತ್ರದ ಮೇಲೆ ನಿಂತಿತ್ತು.

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಬಸ್ಸು ಮುರಗೋಡದಲ್ಲಿ ನಿಂತಾಗ ಇಳಿದು, ಮಠದ ಕಡೆ ಹೋಗದೆ ಎಡಕ್ಕೆ ಹೊರಳಿದರೆ ನಮ್ಮ ಓಣಿ. ಮನೆಗೆ ಮುಂದೊಂದು ಕಟ್ಟೆ, ಒಳಗೆ ಕಾಲಿಟ್ಟರೆ ದನ ಕಟ್ಟುವ ದಂದಕ್ಕಿ, ಅದನ್ನು ದಾಟಿ ಎರಡು ಪಾವಟಿಗೆ ಹತ್ತಿದರೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ. ಪಡಸಾಲೆಯ ಮೇಲೆ ಅಟ್ಟ, ಅದಕ್ಕೆ ಹತ್ತಲು ಮೂಲೆಯಲ್ಲಿ ಬೇರೆ ಪಾವಟಿಗೆ. ಅಟ್ಟವೆಂದರೆ ಬಗ್ಗಿ ನುಸುಳುವ ಅಟ್ಟವಲ್ಲ. ಅಪ್ಪನಂಥ ಎತ್ತರದ ಆಳು ತಲೆಯೆತ್ತಿ ನಿಲ್ಲಬಹುದಾದ ಕೋಣೆ, ಓಣಿಯ ಕಡೆಗೆ ಎರಡು ಕಿಡಕಿ. ಅದರ ನೆಲವೆಲ್ಲ ಸಾಗವಾನಿ ಹಲಗೆ. ಮುತ್ಯಾನ ಅಪ್ಪ ಖಾನಾಪುರದ ಅಡವಿಯಿಂದ ಚಕ್ಕಡಿಯಲ್ಲಿ ಹೇರಿಸಿ ತಂದದ್ದಂತೆ. ಕೆಳಗೆ ಪಡಸಾಲೆಯಲ್ಲಿ ಅಂಗಾತ ಮಲಗಿದರೆ ಆ ಹಲಗೆಗಳ ಹೊಟ್ಟೆ ನಮಗೆ ಕಾಣುತ್ತಿತ್ತು, ಚೆಂದದ ಕಂದು ಬಣ್ಣ, ನೀರಿನಲ್ಲಿ ಎದ್ದ ತೆರೆಯಂಥ ಗೆರೆಗಳು. ಬೆನ್ನಿನ ಕಥೆ ಬೇರೆ. ಅಡುಗೆಮನೆಯ ಹೊಗೆ ಸಂದಿಯಿಂದ ಏರಿ ಅಲ್ಲೇ ಕೂಡುತ್ತಿತ್ತು. ಬೆಲ್ಲದ ಪೆಂಟೆಗಳು ಮಳೆಗಾಲದಲ್ಲಿ ಕರಗಿ ಸೋರಿದ್ದು ಅಲ್ಲೇ, ಎಣ್ಣೆ ಡಬ್ಬಿ ಒಸರಿದ್ದು ಅಲ್ಲೇ, ವರ್ಷವರ್ಷವೂ ಹತ್ತಿಯ ಅಂಡಿಗೆಗಳನ್ನು ಎಳೆದಾಡಿ ಆ ಎಲ್ಲವನ್ನೂ ಉಜ್ಜಿ ಹಲಗೆಗೆ ಕುಡಿಸಿದ್ದೂ ಅಲ್ಲೇ. ಮಕ್ಕಳು ಕದ್ದು ಅಟ್ಟ ಹತ್ತಿದರೆ ಆಯಿಗೆ ಯಾರೂ ಚಾಡಿ ಹೇಳಬೇಕಾಗಿರಲಿಲ್ಲ. ಕೂಡಿಸಿ ಅಂಗಾಲು ನೋಡಿದರೆ ಸಾಕು, ರೊಟ್ಟಿ ಹಂಚಿನ ತಳದಂತೆ ಕಪ್ಪಾಗಿರುತ್ತಿದ್ದವು.

ನೀಲತ್ತೆ ಅಪ್ಪನ ತಂಗಿ. ರಾಮದುರ್ಗದ ಕಡೆ ಕೊಟ್ಟಿದ್ದರು. ಒಂದು ದಿನ ಟ್ರಂಕು ಹಿಡಿದು ತಿರುಗಿ ಬಂದಳು, ಮತ್ತೆ ಹೋಗಲಿಲ್ಲ. ಯಾಕೆಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬಂದ ಕೆಲವು ತಿಂಗಳಿಗೆ ತನ್ನ ಕೈಬಳೆ ಕೊಟ್ಟು ಕೈಯಿಂದ ತಿರುವುವ ಹೊಲಿಗೆ ಮಷೀನು ತಂದಳು. ಓಣಿಯ ಹೆಂಗಸರ ಕುಪ್ಪಸ, ಸಾಲಿ ಹುಡುಗರ ಬಿಳಿ ಅಂಗಿ ಹೊಲಿಯತೊಡಗಿದಳು. ಹೊಲಿಗೆ ಸೊಗಸಾಗಿತ್ತು, ಆದರೆ ಮಷೀನಿಗೆ ಜಾಗ ಇರಲಿಲ್ಲ. ಪಡಸಾಲೆಯಲ್ಲಿಟ್ಟರೆ ಬೀಗರು ಬರುತ್ತಿದ್ದರು, ಕಟ್ಟೆಯ ಮೇಲಿಟ್ಟರೆ ಮುತ್ಯಾನ ಗೆಳೆಯರು ಬರುತ್ತಿದ್ದರು, ಅಡುಗೆಮನೆಯ ಬಾಗಿಲಲ್ಲಿಟ್ಟರೆ ಆಯಿಗೆ ಕಾಳು ಹಸನು ಮಾಡುವುದು ಅಂದೇ ನೆನಪಾಗುತ್ತಿತ್ತು. ಒಂದು ತೋಳು ಮುಗಿಯುವುದರೊಳಗೆ ಮಷೀನು ಮೂರು ಕಡೆ ತಿರುಗಿರುತ್ತಿತ್ತು. ಕೊನೆಗೆ ಅತ್ತೆ ಯಾರಿಗೂ ಹೇಳದೆ ಅದನ್ನು ಅಟ್ಟಕ್ಕೆ ಒಯ್ದಳು. ಅಂದೇ ಹಿಂದಿನ ಓಣಿಯ ಶಿವಕ್ಕ ತನ್ನ ಮೊಮ್ಮಗನ ಅಂಗಿಗೆಂದು ಕೊಟ್ಟ ಬಿಳಿ ಅರಿವೆ ಮಡಿಲಿನಿಂದ ಜಾರಿ ಹಲಗೆಯ ಮೇಲೆ ಬಿತ್ತು. ಸಂಜೆ ಶಿವಕ್ಕ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ನೀಲವ್ವಾ, ಅಂಗಿ ಹೊಲಿ ಅಂತ ಅರಬಿ ಕೊಟ್ಟಿದ್ನೆವ್ವಾ. ಒಲಿ ಒರಸು ಅಂತ ಅಲ್ಲ."

ಅತ್ತೆ ಆ ರಾತ್ರಿ ಉಣ್ಣುವಾಗ ಮುತ್ಯಾನಿಗೆ ನೇರವಾಗಿ ಕೇಳಿಯೇ ಬಿಟ್ಟಳು.

"ಅಪ್ಪಾ, ಅಟ್ಟಾ ನನಗ ಕೊಡು. ಹಲಗಿ ತಿಕ್ಕಿ ಬೆಳ್ಳಗ ಮಾಡ್ಕೋತೇನಿ."

"ಅದು ಹತ್ತಿ ಇಡೂ ಜಾಗಾ. ಹೋಳಿಹುಣ್ಣಿಮಿ ಮುಗಿದ ಕೂಡ್ಲೆ ಹತ್ತಿ ಬರತೈತಿ. ಎಲ್ಲಿ ಇಡ್ಲಿ, ನಿನ್ನ ಮಷೀನ್ಯಾಗ?"

"ದಂದಕ್ಕ್ಯಾಗ ಆ ಮೂಲಿ ಖಾಲಿ ಬಿದ್ದೈತಿ."

"ಹತ್ತಿ ದಂದಕ್ಕ್ಯಾಗ, ಮಗಳು ಅಟ್ಟದಾಗ! ಚೊಲೋ ಆತು." ಮುತ್ಯಾ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡ. ಅವನಿಗೆ ಪಂದ್ಯ ಕಟ್ಟುವುದೆಂದರೆ ಭಾಳ ಹುರುಪು. "ಆತು, ಕೇಳು. ನನ್ನ ಹೊಸಾ ಧೋತರ ತಗೊಂಡು ಈ ಗ್ವಾಡಿಯಿಂದ ಆ ಗ್ವಾಡಿತನಕಾ ಹಲಗಿ ಮ್ಯಾಲ ಎಳೀತೇನಿ. ಒಂದು ಕಲಿ ಹತ್ತಿದ್ರೂ ಹತ್ತಿ ಮ್ಯಾಲ, ನಿನ್ನ ಮಷೀನ ಕೆಳಗ. ಹತ್ತಲಿಲ್ಲ ಅಂದ್ರ ಅಟ್ಟಾ ನಿಂದು. ಹತ್ತಿ ನನ್ನ ಹಾಸಗ್ಯಾಗ ಇಟ್ಕೊಂಡು ಮಲಗತೇನಿ."

ಮರುದಿನವೇ ಅತ್ತೆ ಸಿರಸಂಗಿಯಿಂದ ಮೌನಪ್ಪ ಬಡಿಗೇರನನ್ನು ಕರೆಸಿದಳು. ಆತ ಬಂದು ಚಹಾ ಕುಡಿದ, ಅವಲಕ್ಕಿ ತಿಂದ, ಇನ್ನೊಮ್ಮೆ ಚಹಾ ಕುಡಿದ, ಆಮೇಲೆ ಅಟ್ಟ ಹತ್ತಿ ಹಲಗೆಗಳನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದ, ಹಲಗೆ ಹೆರೆಯುವ ರಂದಾವನ್ನು ಕೈಚೀಲದಿಂದ ತೆಗೆಯಲೇ ಇಲ್ಲ.

"ರಂದಾ ಹೊಡ್ಯಾಕ ಬರೂದಿಲ್ಲಬೇ ತಂಗಿ. ಮೊಳಿ ಎಲ್ಲಾ ಮ್ಯಾಲ ಎದ್ದಾವು. ರಂದಾದ ಅಲಗು ಮುಕ್ಕಾದ್ರ ನಮ್ಮ ಮನ್ಯಾಕಿ ನನ್ನ ಒಳಗ ಕರಕೊಳ್ಳೂದಿಲ್ಲ."

"ಮತ್ತ ಏನ ಮಾಡೂದು ಕಾಕಾ?"

"ಗಾಜಿನ ಚೂರು ತಗೊಂಡು ಕೆರೀರಿ. ಉದ್ದಕ ಕೆರೀರಿ, ಗೆರಿ ಹೋದಂಗ. ಅಡ್ಡ ಕೆರದ್ರ ಗೀರು ಬೀಳ್ತಾವು. ಈಗ ಕಾಣೂದಿಲ್ಲ ಅವು, ಎಣ್ಣಿ ಹಚ್ಚಿದ ಮ್ಯಾಲ ಎದ್ದು ಕುಂತು ನಗತಾವು."

ಎದ್ದ ಮೊಳೆಗಳನ್ನು ಬಡಿದು ತಗ್ಗಿಸಿ, ಕೈಚೀಲದಲ್ಲಿದ್ದ ಪಾಲಿಶ್ ಪೇಪರನ್ನು ಕೊಟ್ಟು, ತನಗೆ ದೇವಿ ಗುಡಿಯ ಬಾಗಿಲ ಕೆಲಸ ಇದೆಯೆಂದು ಹೇಳಿ ಆತ ಹೋದ. ಉಳಿದದ್ದು ನಾವು. ಮುತ್ಯಾ ಹೊಲಕ್ಕೆ ಹೋದ ಮೇಲೆ ಅವ್ವ, ಅತ್ತೆ, ನಾನು ಮೂವರೂ ಕೈಗೆ ಅರಿವೆ ಸುತ್ತಿಕೊಂಡು, ಒಡೆದ ಕಂದೀಲು ಗಾಜಿನ ಚೂರು ಹಿಡಿದು, ಸಾಲಾಗಿ ಮೊಣಕಾಲೂರಿ ಕೂಡುತ್ತಿದ್ದೆವು. ಗಾಜು ಎಳೆದರೆ ಮೊದಲು ಮೇಣದಂಥ ಕಪ್ಪು ಸುರುಳಿ ಬರುತ್ತಿತ್ತು, ಮುದ್ದೆ ಮಾಡಿದರೆ ಬೆಲ್ಲ, ಹೊಗೆ, ಶೇಂಗಾ ಎಣ್ಣೆ ಎಲ್ಲದರ ವಾಸನೆ ಒಟ್ಟಿಗೇ. ಅದರ ಕೆಳಗಿನಿಂದ ಕಂದು ಪುಡಿ. ಅಂಟವಾಳಕಾಯಿ ನೆನೆಸಿದ ನೊರೆನೀರಿನಿಂದ ತೊಳೆದೆವು, ಅದಕ್ಕೂ ಜಗ್ಗದ ಜಿಡ್ಡಿಗೆ ಮಡಿವಾಳರು ಹಾಕುವ ಸೋಡಾ ಹಾಕಿದೆವು. ಜಿಡ್ಡು ಹೋಯಿತು, ಆದರೆ ಸೋಡಾ ಬಿದ್ದ ಹಲಗೆ ಹಳೇ ಚಹಾದ ಬಣ್ಣಕ್ಕೆ ತಿರುಗಿ ಮಂಕಾಯಿತು. ಅಲ್ಲಿಯವರೆಗೆ ಪಾವಟಿಗೆಯ ಬುಡದಲ್ಲಿ ನಿಂತು ಗೊಣಗುತ್ತಿದ್ದ ಆಯಿಗೆ ಇನ್ನು ತಡೆಯಲಾಗಲಿಲ್ಲ.

"ತಾಂಬ್ರದ ಕೊಡಾ ಎದರಿಂದ ಹೊಳೀತೈತಿ? ಹುಣಸಿಹಣ್ಣಿನಿಂದ. ಹಿತ್ತಾಳಿ ದೀಪದ ಸಮೆ ಎದರಿಂದ ಹೊಳೀತೈತಿ? ಹುಣಸಿಹಣ್ಣಿನಿಂದ. ಹಲಗಿ ಏನ ಮಾಡಿತ್ತು ಪಾಪ? ಆದ್ರ ಈ ಮನ್ಯಾಗ ನನ್ನ ಮಾತು ಯಾರ ಕೇಳ್ತಾರ!"

ಕೇಳಿದೆವು. ಆ ಸಲದ ಹುಣಸೆಹಣ್ಣಿನ ಅರ್ಧ ಗಡಿಗೆಯನ್ನು ಆಯಿ ತಾನೇ ತೆಗೆದುಕೊಟ್ಟಳು. ಅಷ್ಟು ನೀರು ಹಿಡಿಯುವ ಪಾತ್ರೆ ಮನೆಯಲ್ಲಿ ಒಂದೇ ಇತ್ತು, ಹಿತ್ತಿಲಲ್ಲಿ ಬೋರಲು ಬಿದ್ದಿದ್ದ ಕಬ್ಬಿಣದ ಕೊಪ್ಪರಿಗೆ. ಅದರಲ್ಲಿ ರಾತ್ರಿಯಿಡೀ ನೆನೆಸಿ, ಮರುದಿನ ಕಿವುಚಿ, ಸಂಜೆಯ ಹೊತ್ತಿಗೆ ಅಟ್ಟದ ತುಂಬ ಸುರಿದು ಸವರಿದೆವು. ಹಲಗೆ ಹುಳಿ ಕುಡಿಯಲಿ ಎಂದು ಹಾಗೇ ಬಿಟ್ಟು ಇಳಿದೆವು.

ಬೆಳಿಗ್ಗೆ ಮೊದಲು ಹತ್ತಿದವಳು ಅತ್ತೆ. ಬಹಳ ಹೊತ್ತು ಇಳಿಯದೇ ಇದ್ದದ್ದಕ್ಕೆ ನಾವೂ ಹತ್ತಿದೆವು. ನೀರು ನಿಂತಲ್ಲೆಲ್ಲ ಹಲಗೆ ಮಸಿಯಷ್ಟು ಕಪ್ಪಾಗಿತ್ತು. ಹೊಗೆಯ ಕಪ್ಪಲ್ಲ, ನೀಲಿ ಬೆರೆತ ಕಪ್ಪು, ಕೈಯಿಂದ ಉಜ್ಜಿದರೆ ಬರದ ಕಪ್ಪು. ಪ್ರತಿ ಮೊಳೆಯ ಸುತ್ತಲೂ ಒಂದೊಂದು ದುಂಡು ಬೊಟ್ಟು. ಆಯಿ ಏದುತ್ತ ಹತ್ತಿ ಬಂದು ನೋಡಿ,

"ಒಳಗಿನ ಹೊಲಸು ಹೊರಗ ಬಂದೈತಿ ಅದು. ಬರಬೇಕಲ್ಲ ಮತ್ತ!" ಎಂದಳು.

"ಯವ್ವಾ, ನೀ ಸುಮ್ಮನ ಕೆಳಗ ಹೋಗು," ಎಂದಳು ಅತ್ತೆ.

"ಹೋಗತೇನಿ. ಹುಣಸಿಹಣ್ಣು ಕೊಟ್ಟಾಕಿ ನಾನು, ಬೈಸಿಕೊಳ್ಳಾಕಿನೂ ನಾನು."

ಗದ್ದಲ ಕೇಳಿ ಮುತ್ಯಾ ಬಂದ. ಪಂದ್ಯ ಮುಗಿಯುವವರೆಗೆ ಅಟ್ಟದ ಮೇಲೆ ಕಾಲಿಡುವುದಿಲ್ಲವೆಂದಿದ್ದ ಅವನು ಪಾವಟಿಗೆಯ ಮೇಲೆಯೇ ನಿಂತು ರುಮಾಲು ಸುತ್ತಿದ ತಲೆಯನ್ನಷ್ಟೇ ಮೇಲೆ ಚಾಚಿದ.

"ನೀಲಾ, ಬೆಳ್ಳಗ ಮಾಡ್ತೇನಿ ಅಂದಿದ್ದಿ. ಇದು ಮಾಸ್ತರನ ಶಾಯಿ ದೌತಿ ಉಳ್ಳಿದಂಗ ಐತಲ್ಲ! ಇರ್ಲಿ ಬಿಡು, ಹತ್ತಿ ಅಂಡಗಿ ಮುಚ್ಚತಾವು."

ಅವನ ತಲೆ ಕೆಳಗಿಳಿಯಿತು. ಅವನು ಚೇಷ್ಟೆಗೆ ಅಂದದ್ದು ನಮಗೆಲ್ಲ ಗೊತ್ತಿತ್ತು, ಆದರೆ ಅತ್ತೆ ಇಳಿದುಹೋಗಿ, ಪಡಸಾಲೆಗೆ ತಿರುಗಿ ಬಂದಿದ್ದ ಮಷೀನಿನ ಮೇಲೆ ಅರಿವೆ ಹೊದಿಸಿ ಅದರ ಪಕ್ಕ ಕೂತಳು. ಗಂಡನ ಮನೆಯಿಂದ ಬಂದ ದಿನವೂ ಅವಳು ಹಾಗೆ ಕೂತಿರಲಿಲ್ಲ. ಅಂದು ಟ್ರಂಕು ಇಟ್ಟವಳೇ ರೊಟ್ಟಿ ಬಡಿದಿದ್ದಳು.

"ವೈನಿ, ಇದನ್ನ ದಂದಕ್ಕಿಗೆ ಒಯ್ತೇನಿ. ಎಮ್ಮಿಗೆ ಕುಪ್ಪಸ ಹೊಲಕೋತ ಕುಂಡರತೇನಿ," ಎಂದಳು ಹಿತ್ತಿಲಲ್ಲಿದ್ದ ಅವ್ವನಿಗೆ. ಮಾತು ನಗೆಯದು, ದನಿ ಅಲ್ಲ.

ಅವ್ವ ಅಲ್ಲಿ ಮುತ್ಯಾನ ಹಳೇ ಧೋತ್ರ ಹಿಂಡುತ್ತಿದ್ದಳು. ಅದರ ನಡುವೆ ಒಂದು ಕಂದು ಗೆರೆ ಇತ್ತು, ತುಕ್ಕು ಹಿಡಿದ ತಂತಿಯ ಮೇಲೆ ಒಣಹಾಕಿದ್ದರ ಗುರುತು. ಅವ್ವ ಆ ಗೆರೆ ನೋಡಿದಳು, ತಂತಿ ನೋಡಿದಳು, ಕೊಪ್ಪರಿಗೆ ನೋಡಿದಳು. ಅದರ ಒಳಮೈ ಹುಳಿಗೆ ತಿಕ್ಕಿ ತೊಳೆದಂತೆ ಹೊಳೆಯುತ್ತಿತ್ತು. ಹಸಿ ಧೋತ್ರವನ್ನು ಹೆಗಲ ಮೇಲೆ ಹಾಕಿಕೊಂಡೇ ಅವಳು ಪಡಸಾಲೆಗೆ ಬಂದಳು.

"ನೀಲಾ, ಏಳು. ಅದು ಹಲಗಿ ಹೊಲಸಲ್ಲ, ಕಬ್ಬಿಣ. ಕೊಪ್ಪರಿಗಿ ಜಂಗು ಹುಣಸಿ ನೀರಾಗ ಇಳದು ಕಟಗ್ಯಾಗ ಕುಂತೈತಿ. ಅದಕ್ಕ ಮೊಳಿ ಸುತ್ತ ದುಂಡಕ ಆಗೇತಿ. ಮಾವಾರ ಧೋತರಕ್ಕ ಜಂಗಿನ ಕಲಿ ಆದ್ರ ಏನ ಹಚ್ಚತೀವಿ?"

"ಲಿಂಬಿಹಣ್ಣು. ಉಪ್ಪು."

"ಮತ್ತ?"

ಇಬ್ಬರೂ ಒಟ್ಟಿಗೇ ಅಡುಗೆಮನೆಯ ಮೂಲೆಯ ಕಡೆ ನೋಡಿದರು. ಕಿತ್ತೂರಿನಿಂದ ಅವ್ವನ ಅಣ್ಣ ಕಳಿಸಿದ ಲಿಂಬೆಹಣ್ಣಿನ ಬುಟ್ಟಿ ಅಲ್ಲಿತ್ತು, ಉಪ್ಪಿನಕಾಯಿಗೆಂದು. ಆಯಿ ಅದನ್ನು ಕಂಡಳು, ಸರಿದು ಬಂದು ಬುಟ್ಟಿಗೆ ಬೆನ್ನು ಕೊಟ್ಟು ಕೂತಳು.

"ವರ್ಷದ ಉಪ್ಪಿನಕಾಯಿ ಇದು. ಕೈ ಹಚ್ಚಿದ್ರ ನೋಡ್ರಿ."

"ಅತ್ಯಾರ, ರಸಾ ನಮಗ ಕೊಡ್ರಿ, ಸಿಪ್ಪಿ ಎಲ್ಲಾ ನಿಮಗ. ಸಿಪ್ಪಿ ಉಪ್ಪಿನಕಾಯಿ ಹಾಕೂದ್ರಾಗ ನಿಮ್ಮ ಕೈ ಯಾರಿಗೂ ಬರೂದಿಲ್ರಿ," ಎಂದಳು ಅವ್ವ.

ಆಯಿ ಯೋಚಿಸಿದಳು. ತನ್ನ ಹುಣಸೆಹಣ್ಣಿನ ಮಾತು ಮತ್ತೆ ಏಳುವುದಕ್ಕಿಂತ ಇದು ಮೇಲೆಂದು ತೋರಿರಬೇಕು, ಬುಟ್ಟಿ ಬಿಟ್ಟು ಎದ್ದಳು.

ಮೊದಲು ಕಪ್ಪು ಇದ್ದಲ್ಲಿ ಮಾತ್ರ ಹಚ್ಚಿದೆವು. ಕಿಡಕಿಯ ಬಿಸಿಲು ಹಲಗೆಯಿಂದ ಸರಿಯುವುದರೊಳಗೆ ಕಪ್ಪು ಬೂದಿಯಾಯಿತು, ಬೂದಿ ಕಂದಾಯಿತು, ಕಂದೂ ಹೋಗಿ ಹಸಿ ಶೇಂಗಾ ಬೀಜದಂಥ ತಿಳಿ ಬಣ್ಣ ಬಂದಿತು. ನಾನು ಕುಣಿದೆ. ಆದರೆ ಒಣಗಿದ ಮೇಲೆ ನೋಡಿದರೆ ಮಂಕು ಹಲಗೆಯ ನಡುವೆ ಅಲ್ಲಲ್ಲಿ ಬಿಳಿ ಬೊಟ್ಟು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತು ನಕ್ಕಳು.

"ಮುಂಜಾನಿ ಕರಡಿ ಇತ್ತು, ಈಗ ಜಿಂಕಿ ಆತು ವೈನಿ."

"ಜಿಂಕಿ ಆದ್ರ ನಡಿಯೂದಿಲ್ಲ. ಪೂರಾ ಹಲಗಿ ಹಚ್ಚಬೇಕು. ಈ ತುದಿಯಿಂದ ಆ ತುದಿತನಕಾ, ನಡುವ ನಿಲ್ಲಿಸದಂಗ."

ಹಾಗೆಯೇ ಮಾಡಿದೆವು. ಒಂದು ಹಲಗೆ ಹಿಡಿದರೆ ಅದು ಮುಗಿಯುವವರೆಗೆ ಕೈ ಎತ್ತುವಂತಿಲ್ಲ, ಹಸಿ ಅಂಚು ಒಣಗಲು ಬಿಡುವಂತಿಲ್ಲ. ಬಿಟ್ಟರೆ ಅಲ್ಲೊಂದು ಗೆರೆ ನಿಲ್ಲುತ್ತಿತ್ತು. ರಸ ಮಣ್ಣಿನ ಗಡಿಗೆಯಲ್ಲಿ, ಒರೆಸುವುದು ಹಳೇ ಸೀರೆಯ ಚೂರಿನಲ್ಲಿ. ಕಬ್ಬಿಣದ್ದೇನೂ ಅಟ್ಟ ಹತ್ತದಂತೆ ನೋಡಿಕೊಳ್ಳುವ ಕೆಲಸವನ್ನು ಯಾರೂ ಹೇಳದೆ ಆಯಿಯೇ ಹಿಡಿದಳು. ಪಾವಟಿಗೆಯ ಬುಡದಲ್ಲಿ ಮಣೆ ಹಾಕಿಕೊಂಡು ಕೂತು ಲಿಂಬೆ ಸಿಪ್ಪೆ ಹೆಚ್ಚುತ್ತ, ಹತ್ತುವವರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದಳು. ನನ್ನ ಪೋಲಕದ ಬೆನ್ನಿಗೆ ಗುಂಡಿಯ ಬದಲು ಹಾಕಿದ್ದ ಪಿನ್ನನ್ನೂ ಬಿಚ್ಚಿ ಇಟ್ಟುಕೊಂಡಳು. ಬೆನ್ನು ಬಿಟ್ಟುಕೊಂಡೇ ನಾನು ಹಲಗೆ ಒರೆಸಿದೆ. ಲಿಂಬೆ ಸಾಲದೆ ಬಂದಾಗ ಅತ್ತೆ ಓಣಿಯಲ್ಲಿ ಕೇಳಿ ತಂದಳು. ಶಿವಕ್ಕ ಕೂಡ ಸೆರಗಿನ ತುಂಬ ತಂದು ಸುರಿದಳು.

"ತಗೋ ನೀಲವ್ವಾ. ಇನ್ನ ಮ್ಯಾಲರೆ ನಮ್ಮ ಹುಡುಗನ ಅಂಗಿ ಬೆಳ್ಳಗ ಬರಲಿ."

ಹುಳಿಯನ್ನು ತಿಳಿನೀರಿನಿಂದ ತೊಳೆದು, ನೀರು ನಿಲ್ಲಗೊಡದೆ ಆಗಿಂದಾಗಲೇ ಒರೆಸಿ, ಕಿಡಕಿಗೆ ಗೋಣಿಚೀಲ ಕಟ್ಟಿ ನೆರಳಲ್ಲಿ ಒಣಗಿಸಿದೆವು. ಬಿಸಿಲಿಗೆ ಬಿಟ್ಟರೆ ಹಲಗೆ ಸೀಳುತ್ತದೆಂದು ಅಪ್ಪ ಹೇಳಿದ. ಒಣಗಿದ ಹಲಗೆಯ ಎಳೆಗಳು ಎದ್ದು ಅಂಗೈಗೆ ಒರಟಾಗಿದ್ದವು. ಪಾಲಿಶ್ ಪೇಪರಿನಿಂದ ಉದ್ದಕ್ಕೆ ತಿಕ್ಕಿ, ಪುಡಿ ಒರೆಸಿ, ಮೇಲೆ ಅಗಸೆ ಎಣ್ಣೆ ಹಚ್ಚಿದೆವು. ಹಚ್ಚಿದ್ದಕ್ಕಿಂತ ಒರೆಸಿ ತೆಗೆದದ್ದೇ ಹೆಚ್ಚು; ಎಣ್ಣೆ ನಿಂತರೆ ಅಂಟು, ಅಂಟಿಗೆ ಮತ್ತೆ ಧೂಳು. ಆಮೇಲೆ ಅತ್ತೆ ಪಾವಟಿಗೆಗೆ ಅಡ್ಡ ಹಗ್ಗ ಕಟ್ಟಿದಳು. ಎಣ್ಣೆ ಆರುವವರೆಗೆ ಬೆಕ್ಕೂ ಹತ್ತಲಿಲ್ಲ. ಇಂದಿಗೂ ನನಗೆ ಬಟ್ಟೆಗೆ ಕಲೆಯಾದರೆ ಅದೊಂದನ್ನೇ ತಿಕ್ಕಲು ಕೈ ಏಳುವುದಿಲ್ಲ, ಇಡೀ ಬಟ್ಟೆ ನೆನೆಸುತ್ತೇನೆ. ಮನೆಯಲ್ಲಿ ನಗುತ್ತಾರೆ. ನನಗೆ ಆ ಜಿಂಕೆ ಕಣ್ಣ ಮುಂದೆ ಬರುತ್ತದೆ.

ಇನ್ನು ಧೋತ್ರದ ದಿನ. ಗಂಜಿ ಹಾಕಿದ ಧೋತ್ರ ಒಣಗಿ ಕಾಗದದಂತೆ ಸೆಟೆದಿತ್ತು. ಅತ್ತೆ ಅದನ್ನು ಮಡಿಚಿ, ಮುತ್ಯಾ ಕೇಳಿದ ಕೂಡಲೇ ಕೈಗೆ ಸಿಗಲೆಂದು ಅವನ ಗೂಟದ ಮೇಲೆ ಇಟ್ಟಳು. ಊಟ ತಯಾರಾಯಿತು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಅಗಸೆ ಹಿಂಡಿ, ಬೆಣ್ಣೆ, ಮಜ್ಜಿಗೆ, ಆಯಿಯ ಹೊಸ ಸಿಪ್ಪೆ ಉಪ್ಪಿನಕಾಯಿ. ಅತ್ತೆ ಅರ್ಧ ರೊಟ್ಟಿ ಮುರಿದು ಅದನ್ನೂ ತಾಟಿನಲ್ಲೇ ಬಿಟ್ಟಳು. ಮುತ್ಯಾ ಮಾತ್ರ ಎರಡು ಸಲ ಎಣ್ಣೆಗಾಯಿ ಹಾಕಿಸಿಕೊಂಡು, ಕೈ ತೊಳೆದು, "ನಡೀರಿ," ಎಂದು ಎದ್ದ. ನಾವೆಲ್ಲ ಹಿಂದೆ ಹತ್ತಿದೆವು. ಕಿಡಕಿಯ ಗೋಣಿ ತೆಗೆದಿದ್ದೆವು. ಹಲಗೆಗಳು ಈ ಗೋಡೆಯಿಂದ ಆ ಗೋಡೆಯವರೆಗೆ ಹೊಸ ಬೆಲ್ಲದ ಬಣ್ಣಕ್ಕೆ ಹೊಳೆಯುತ್ತಿದ್ದವು, ಕೆಳಗೆ ಮಲಗಿದಾಗ ಕಾಣುತ್ತಿದ್ದ ಗೆರೆಗಳೆಲ್ಲ ಮೇಲೂ ಎದ್ದು ಬಂದಿದ್ದವು. ಅತ್ತೆಯೇ ಮೊದಲು ಕಿಡಕಿಯ ಬುಡಕ್ಕೆ ಹೋಗಿ ಬೆರಳು ತೋರಿಸಿದಳು.

"ಅಪ್ಪಾ, ಈ ಮೊಳಿ ಸುತ್ತಿಂದು ಒಂದು ಹೋಗಲಿಲ್ಲ. ಮೊದ್ಲ ಹೇಳಿರತೇನಿ."

"ಇರ್ಲಿ. ಊರ ಮಂದಿ ಕಣ್ಣು ಹತ್ತಬಾರದಲ್ಲ, ಒಂದು ಬೊಟ್ಟು ಬೇಕು." ಮುತ್ಯಾ ಸುತ್ತ ನೋಡಿದ. "ಧೋತರ ಎಲ್ಲೈತಿ? ಯಾರ ತಂದೀರಿ?"

ಅವ್ವ ಅತ್ತೆಯ ಮುಖ ನೋಡಿದಳು. ಅತ್ತೆ ನನ್ನ ಮುಖ ನೋಡಿದಳು. ಆಮೇಲೆ ಮೂವರೂ ಮುತ್ಯಾನ ಕಾಲಿನ ಕಡೆ ನೋಡಿದೆವು.

"ಅಪ್ಪಾ," ಎಂದಳು ಅತ್ತೆ, "ಉಟ್ಟೀಯಲ್ಲೋ."

ಜಳಕ ಮಾಡಿ ಬಂದವನು ಗೂಟಕ್ಕೆ ಕೈ ಹಾಕಿ ಸಿಕ್ಕಿದ್ದನ್ನು ಉಟ್ಟುಕೊಂಡಿದ್ದ. ಮುತ್ಯಾ ಬಗ್ಗಿ ತನ್ನ ಧೋತ್ರದ ನಿರಿಗೆ ಹಿಡಿದು ನೋಡಿದ. ಅಪ್ಪ ನಗು ತಡೆಯಲಾರದೆ ಕಿಡಕಿಯ ಹೊರಗೆ ಮುಖ ಹಾಕಿದ.

"ಹಂಗಾರ ಧೋತರದ ಜೋಡಿ ನಾನೂ ಹೋಗಬೇಕು," ಎಂದು ಮುತ್ಯಾ ಹಲಗೆಯ ಮೇಲೆ ಕೂತೇಬಿಟ್ಟ. ಕೂತಲ್ಲೇ ಈ ಗೋಡೆಯಿಂದ ಆ ಗೋಡೆಯವರೆಗೆ ಕೂಸಿನ ಹಾಗೆ ಸರಿದುಕೊಂಡು ಹೋದ. ಅಲ್ಲಿ ಕಿಡಕಿಯಿಂದ ಗಾಳಿ ಬರುತ್ತಿತ್ತು, ಹಲಗೆ ತಣ್ಣಗಿತ್ತು, ಹೊಟ್ಟೆಯಲ್ಲಿ ಎಣ್ಣೆಗಾಯಿ ಇತ್ತು. "ಒಂದು ಗಳಿಗಿ ಬೆನ್ನು ಹಚ್ಚತೇನಿ. ಬೆನ್ನಿಂದೂ ನೋಡಬೇಕಲ್ಲ," ಎಂದು ಅಂಗಾತ ಮಲಗಿ ರುಮಾಲನ್ನು ತಲೆಗಿಟ್ಟುಕೊಂಡ. ಉಟ್ಟ ಅಂಗಿ, ಧೋತ್ರ ಎರಡೂ ಬೆಳ್ಳನೆಯವು, ಕಲೆ ಬಿದ್ದರೆ ಅಡಗುವಂತಿರಲಿಲ್ಲ. ನಾವು ನಿಂತು ನೋಡುತ್ತಿದ್ದಂತೆಯೇ ಗೊರಕೆ ಬಂತು.

ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ಆಯಿ ಸನ್ನೆ ಮಾಡಿ ಹೊರಳಿಸಿರೆಂದಳು. ಅಪ್ಪ ಒಲ್ಲೆನೆಂದು ತಲೆಯಲ್ಲಾಡಿಸಿದ. ಗೋಡೆಗೊರಗಿ ಕಾದೆವು. ಬಹಳ ಹೊತ್ತಿನ ಮೇಲೆ ಮುತ್ಯಾ ತಾನಾಗಿಯೇ ಮಗ್ಗುಲಾದ. ಅತ್ತೆ ಮೊಣಕಾಲೂರಿ ಬಗ್ಗಿ, ಅವನ ಬೆನ್ನು, ಸೊಂಟ, ಧೋತ್ರದ ಅಂಚು, ಎಲ್ಲವನ್ನೂ ಹೊಲಿಗೆ ನೋಡುವವಳ ಕಣ್ಣಿನಿಂದ ನೋಡಿದಳು. ಒಂದು ಗೆರೆ ಕೂಡ ಇರಲಿಲ್ಲ. ಅವಳು ಎದ್ದು ಸೆರಗಿನಿಂದ ಮುಖ ಒರೆಸಿಕೊಂಡು ಅಪ್ಪನಿಗೆ ಪಿಸುಗುಟ್ಟಿದಳು.

"ಅಣ್ಣಾ, ಮಷೀನ ತರೋಣು ಬಾ."

ಅವರಿಬ್ಬರೂ ಮಷೀನು ಹಿಡಿದು ಪಾವಟಿಗೆ ಹತ್ತಿ ಬಂದರೆ ಮೇಲೆ ಆಯಿ ದಾರಿಗೆ ಅಡ್ಡ ನಿಂತಿದ್ದಳು, ಕೈಯಲ್ಲಿ ನಾಲ್ಕು ಮಡಿಕೆಯ ಕೌದಿ.

"ಬುಡಕ ಕಬ್ಬಿಣ ಐತಿ ಅದಕ್ಕ. ಬರೇ ಹಲಗಿ ಮ್ಯಾಲ ಇಟ್ಟೀರಿ! ಇದನ್ನ ಹಾಸ್ರಿ ಮೊದ್ಲ."

ಕೌದಿ ಹಾಸಿ ಕಿಡಕಿಯ ಬೆಳಕಿಗೆ ಮಷೀನು ಇಟ್ಟರು. ಅತ್ತೆ ಕೆಳಗೆ ಹೋಗಿ ತಾನು ಬಿಟ್ಟಿದ್ದ ಅರ್ಧ ರೊಟ್ಟಿಗೆ ಉಪ್ಪಿನಕಾಯಿ ಸವರಿ ಸುತ್ತಿಕೊಂಡು ಬಂದು, ತಿನ್ನುತ್ತಲೇ ಶಿವಕ್ಕನ ಮೊಮ್ಮಗನ ಹೊಸ ಅಂಗಿಯ ತೋಳು ಸೂಜಿಯ ಕೆಳಗಿಟ್ಟು, ಮೆಲ್ಲಗೆ ಹಿಡಿಕೆ ತಿರುವಿದಳು. ಮುತ್ಯಾ ಏಳಲಿಲ್ಲ. ಹಲಗೆಗೆ ಕಿವಿ ಹಚ್ಚಿದರೆ ಮಷೀನಿನ ಸದ್ದು ಹೊಟ್ಟೆಯೊಳಗಿನಿಂದ ಬಂದಂತೆ ಬರುತ್ತದೆ ಎಂದು ಅಂದೇ ನನಗೆ ತಿಳಿದದ್ದು. ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಮೊದಲು ನಿದ್ದೆ ಹೋದವನು ಮುತ್ಯಾ, ಅವನ ಮಗ್ಗುಲಲ್ಲಿ ನಾನು.